ರಾಮವಾಡಿಯಲ್ಲಿ ಇಳಿದ ಮೇಲೆ

ವನಾಜ್ ಕಡೆಯಿಂದ ಬರುವ ಪುಣೆ ಮೆಟ್ರೊ ರಾಮವಾಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿ ಇಲ್ಲ. ಇದು ಕೊನೆಯ ನಿಲ್ದಾಣ, ಎಲ್ಲರೂ ಇಳಿಯಬೇಕು ಎಂದು ಬೋಗಿಯೊಳಗಿನ ಧ್ವನಿ ಸಮಾಧಾನದಿಂದ ಹೇಳುತ್ತದೆ. ಇಳಿಯುತ್ತೇವೆ. ಆದರೆ ಊರು ಅಲ್ಲಿಗೆ ಮುಗಿದಿರುವುದಿಲ್ಲ. ಮುಂದೆ ವಿಮಾನನಗರ ಇದೆ, ಚಂದನನಗರ ಇದೆ, ನಮ್ಮ ಖರಾಡಿ ಇದೆ, ಅದರಾಚೆಗೆ ವಾಘೋಲಿ ಇದೆ. ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗುವ ಈ ಹೆದ್ದಾರಿಯನ್ನು ಪುಣೆಯವರು ನಗರ ರೋಡ್ ಎನ್ನುತ್ತಾರೆ. ತಂಪು ಬೋಗಿಯಿಂದ ಆ ನಗರ ರೋಡಿನ ಧೂಳಿಗೆ ಇಳಿದು ನಿಂತಾಗ ಮನೆ ಇನ್ನೂ ಐದಾರು ಕಿಲೋಮೀಟರ್ ದೂರ. ದಿನದ ಸಣ್ಣಪುಟ್ಟ ಕಿರಿಕಿರಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಮೆಟ್ಟಿಲು ಇಳಿದ ಕೂಡಲೇ ಜನ ಮೂರು ಭಾಗವಾಗುತ್ತಾರೆ. ಕೆಲವರು ಫೋನ್ ತೆಗೆದು ರಿಕ್ಷಾಕ್ಕೋ ಕಾರಿಗೋ ಕಾಯುತ್ತ ಕಂಬಕ್ಕೆ ಒರಗುತ್ತಾರೆ. ಕೆಲವರು ಅಲ್ಲೇ ನಿಂತ ರಿಕ್ಷಾದವರ ಜೊತೆ ಚೌಕಾಸಿಗೆ ಇಳಿಯುತ್ತಾರೆ. ಉಳಿದವರು, ಅಂದರೆ ನಾನು ಸೇರಿದ ಗುಂಪು, ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕುತ್ತೇವೆ. ಕತ್ತು ಎತ್ತಿ ದೂರದ ಬಸ್ಸಿನ ಹಣೆಯ ಮೇಲಿನ ಮರಾಠಿ ಅಂಕಿ ಓದುವುದು ಈಗ ನನಗೆ ರೂಢಿಯಾಗಿದೆ. ಅದು ಖರಾಡಿಯದೋ ವಾಘೋಲಿಯದೋ ಎಂದು ಗೊತ್ತಾಗುವ ಹೊತ್ತಿಗೆ ಬಸ್ಸು ಎದುರಿಗೆ ಬಂದಿರುತ್ತದೆ, ಸ್ಟಾಪಿಗಿಂತ ತುಸು ಮುಂದೆ ಹೋಗಿ ನಿಲ್ಲುತ್ತದೆ, ನಾವೆಲ್ಲ ಓಡುತ್ತೇವೆ. ಕಾಲೇಜಿನ ಹುಡುಗಿ ಓಡುತ್ತಾಳೆ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿದ ಹುಡುಗ ಓಡುತ್ತಾನೆ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಅಜ್ಜಿಯೂ ಓಡುತ್ತಾಳೆ.

ಮೆಟ್ರೊದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಪುಣೆಯ ಡೆಕ್ಕನ್ ಭಾಗದಲ್ಲಿ ನನ್ನ ಕೆಲಸ. ಮೊದಲಾದರೆ ಅಲ್ಲಿಂದ ಪುಣೆ ಸ್ಟೇಷನ್ ದಾಟಿ, ಬಂಡ್ ಗಾರ್ಡನ್ ಸೇತುವೆ ದಾಟಿ, ಯೆರವಡಾದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಬರುವಷ್ಟರಲ್ಲಿ ಸಂಜೆಯೇ ಕರಗಿ ಹೋಗುತ್ತಿತ್ತು. 2022ರ ಮಾರ್ಚ್ 6ರಂದು ಈ ಮಾರ್ಗದ ಮೊದಲ ತುಂಡು ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ ಶುರುವಾಯಿತು. ಮರುವರ್ಷ ಆಗಸ್ಟ್ 1ಕ್ಕೆ ಅದು ರೂಬಿ ಹಾಲ್ ತನಕ ಬಂತು. 2024ರ ಮಾರ್ಚ್ 6ಕ್ಕೆ ರಾಮವಾಡಿ ಮುಟ್ಟಿತು. ಪ್ರತಿ ಸಲವೂ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಮಾತು ಒಂದೇ: ಇನ್ನು ಎಷ್ಟು ದೂರ? ಬಂಡ್ ಗಾರ್ಡನ್ ದಾಟಿದ ಮೇಲೆ ರೈಲು ನದಿಯ ಮೇಲೆ ಹಾಯುವಾಗ ನಾನು ಓದುತ್ತಿರುವ ಪುಸ್ತಕ ಮುಚ್ಚಿ ಕಿಟಕಿ ನೋಡುತ್ತೇನೆ. ಕೆಳಗೆ ಮುಳಾ–ಮುಠಾ. ನೀರು ಚೆನ್ನಾಗಿಲ್ಲ, ನೊರೆ ಇದೆ, ವಾಸನೆಯೂ ಇದೆ. ಆದರೂ ದಂಡೆಯ ಮರಗಳಲ್ಲಿ ಬೆಳ್ಳಕ್ಕಿಗಳಿರುತ್ತವೆ. ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮ ಇರುವುದು ಈ ಆಸುಪಾಸಿನಲ್ಲೇ. ಬಸ್ಸಿನಲ್ಲಿ ಹೋಗುತ್ತಿದ್ದ ಇಷ್ಟು ವರ್ಷಗಳಲ್ಲಿ ಈ ನದಿಯನ್ನು ಇಷ್ಟು ಎತ್ತರದಿಂದ ನೋಡಿರಲಿಲ್ಲ.

ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಮೇಲೆ ನಮ್ಮವ್ವ ಧಾರವಾಡದಿಂದ ಅದರಲ್ಲಿ ಬಂದಳು. ನಸುಕಿನಲ್ಲಿ ಹತ್ತಿ ಮಧ್ಯಾಹ್ನಕ್ಕೆ ಪುಣೆಯಲ್ಲಿ ಇಳಿದಳು. ಮೊದಲೆಲ್ಲ ರಾತ್ರಿ ಬಸ್ಸಿನಲ್ಲಿ ಕಾಲು ಬಾವು ಬರಿಸಿಕೊಂಡು ಬರುತ್ತಿದ್ದವಳು ಈ ಸಲ ಹೊಸ ಸೀರೆಯ ಮಡಿಕೆಯೂ ಮುರಿಯದೆ ಇಳಿದದ್ದು ನೋಡಿ ನನಗೆ ಹಿಗ್ಗು. ಸ್ಟೇಷನ್ನಿನಿಂದಲೇ ಮೆಟ್ರೊ ಹತ್ತಿಸಿದೆ. ಅವಳಿಗೆ ಅದು ಮೊದಲ ಮೆಟ್ರೊ. ಬಾಗಿಲು ತಾನೇ ತೆರೆದುಕೊಂಡದ್ದಕ್ಕೆ, ಯಾರೂ ತಳ್ಳದೇ ಇದ್ದದ್ದಕ್ಕೆ ಅವಳು ಬಹಳ ಸಂತೋಷಪಟ್ಟಳು. ರಾಮವಾಡಿಯಲ್ಲಿ ಇಳಿದು, “ಬಂತೇನು ಮನಿ?” ಎಂದಳು. “ಇನ್ನೊಂದಿಷ್ಟ ಐತವ್ವ,” ಎಂದೆ. ಆ ಇನ್ನೊಂದಿಷ್ಟು ದಾರಿಗೆ ಮಳೆ ಹಿಡಿಯಿತು. ರಿಕ್ಷಾದವರು ಖರಾಡಿ ಕಡೆ ಗರ್ದಿ ಇದೆ ಎಂದು ತಲೆ ಅಲ್ಲಾಡಿಸಿದರು. ಫೋನಿನಲ್ಲಿ ಕರೆದ ಕಾರು ಎರಡು ಸಲ ರದ್ದಾಯಿತು. ಕಡೆಗೆ ಬಸ್ಸೇ ಗತಿಯಾಯಿತು. ನಿಂತಿದ್ದ ಅವ್ವನ ಮೊಳಕೈ ಹಿಡಿದು ಒಬ್ಬ ಹುಡುಗ, “ಆಜಿ, ಬಸಾ,” ಎಂದು ತನ್ನ ಸೀಟು ಬಿಟ್ಟುಕೊಟ್ಟ. ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತ ಅವ್ವ ಹೇಳಿದಳು: “ಧಾರವಾಡದಿಂದ ಪುಣೆ ತನಕ ಬರೂದು ಹಗರ ಆತು. ಪುಣೆದಾಗ ಮನಿ ಮುಟ್ಟೂದ ತ್ರಾಸ ಆತು ನೋಡು.”

ಅವಳ ಈ ಮಾತಿಗಿಂತ ಚೆನ್ನಾಗಿ ಖರಾಡಿಯ ಸ್ಥಿತಿಯನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅವ್ವನನ್ನು ಆಗಾಖಾನ್ ಅರಮನೆಗೂ ಕರೆದುಕೊಂಡು ಹೋದೆ. ನಗರ ರೋಡಿನ ಮೇಲೆಯೇ ಇದೆ ಅದು, 1892ರಲ್ಲಿ ಕಟ್ಟಿದ್ದು. 1942ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು, ಮಹಾದೇವ ದೇಸಾಯಿಯವರನ್ನು, ಸರೋಜಿನಿ ನಾಯ್ಡು ಅವರನ್ನು ಬಂಧಿಸಿ ಇಟ್ಟದ್ದು ಇಲ್ಲಿ. ಕಸ್ತೂರಬಾ ಅವರೂ ಇಲ್ಲೇ ಸೆರೆಯಲ್ಲಿದ್ದರು. ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 15ರಂದು, ಮಹಾದೇವ ದೇಸಾಯಿ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ. ಇಬ್ಬರ ಸಮಾಧಿಗಳೂ ಅಂಗಳದ ಹಿಂಬದಿಯಲ್ಲಿ ಅಕ್ಕಪಕ್ಕ ಇವೆ. ಅವ್ವ ಅಲ್ಲಿ ಬಹಳ ಹೊತ್ತು ಕೂತಳು. ಅವಳ ತಾಯಿ ಆ ಕಾಲದಲ್ಲಿ ನೂಲುತ್ತಿದ್ದವಳಂತೆ. ಕಸ್ತೂರಬಾ ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲವಂತೆ. ನನಗೆ ಈ ಸಂಗತಿ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೆಟ್ರೊ ಮೊದಲು ಈ ಅರಮನೆಯ ಮುಂದೆಯೇ ಹೋಗಬೇಕಿತ್ತು. ಸಂರಕ್ಷಿತ ಸ್ಮಾರಕದ ಹತ್ತಿರ ಅಂಥ ಕಟ್ಟಡ ಕಟ್ಟಬಾರದೆಂಬ ಕಾನೂನು ಇರುವುದರಿಂದ ಮಾರ್ಗವನ್ನು ಕಲ್ಯಾಣಿನಗರದ ಒಳಗಿಂದ ಬಳಸಿ ರಾಮವಾಡಿಗೆ ತಂದರು. ಇದನ್ನು ಹೇಳಿದಾಗ ಅವ್ವ ತಲೆದೂಗಿದಳು. “ಹೋದವರಿಗೆ ದಾರಿ ಬಿಟ್ಟಾರ, ಛಲೋ ಮಾಡ್ಯಾರ,” ಎಂದಳು. ಆಮೇಲೆ ಗೇಟಿನಿಂದ ಹೊರಬಂದು ರಸ್ತೆ ದಾಟಲು ನಿಂತೆವು. ವಾಹನಗಳ ಸಾಲು ಕಡಿಯಲೇ ಇಲ್ಲ. ನಿಂತೆವು, ನಿಂತೆವು. “ಇದ್ದವರಿಗೂ ಒಂದಿಷ್ಟ ದಾರಿ ಬಿಟ್ಟಿದ್ರ ಬರೋಬ್ಬರಿ ಆಗ್ತಿತ್ತು,” ಎಂದಳು.

ಇದ್ದವರಿಗೆ ದಾರಿ ಬಿಡುವ ಪ್ರಯತ್ನ ಈ ರಸ್ತೆಯಲ್ಲಿ ಒಮ್ಮೆ ನಡೆದಿತ್ತು. 2016ರಲ್ಲಿ ಯೆರವಡಾದಿಂದ ವಾಘೋಲಿ ಕಡೆಗೆ ಬಸ್ಸಿಗಾಗಿಯೇ ನಡುರಸ್ತೆಯಲ್ಲಿ ಲೇನ್ ಮಾಡಿದರು. ಬಿಆರ್‌ಟಿ ಎಂದು ಎಲ್ಲರೂ ಕರೆಯುತ್ತಿದ್ದ ವ್ಯವಸ್ಥೆ. ದೇಶದಲ್ಲಿಯೇ ಮೊದಲು, 2006ರಲ್ಲಿ, ಕಾತ್ರಜ್–ಸ್ವಾರಗೇಟ್–ಹಡಪ್ಸರ್ ದಾರಿಯಲ್ಲಿ ಅದನ್ನು ಮಾಡಿ ನೋಡಿದ್ದು ಪುಣೆಯೇ. ನಗರ ರೋಡಿನ ಬಿಆರ್‌ಟಿಯನ್ನು ನಾನು ಪ್ರೀತಿಸುತ್ತಿದ್ದೆ. ರಸ್ತೆಯ ನಟ್ಟನಡುವೆ ಮಾಡು ಇದ್ದ ನಿಲ್ದಾಣ. ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟ, ಹಾಗಾಗಿ ಮುದುಕರು ಸೀರೆಯ ನಿರಿಗೆ ಎತ್ತದೆ, ಧೋತರ ಹಿಡಿಯದೆ ಒಳಗೆ ಹೋಗಬಹುದಿತ್ತು. ಅಕ್ಕಪಕ್ಕ ಕಾರುಗಳು ಗೊಣಗುತ್ತ ನಿಂತಿರುವಾಗ ನಮ್ಮ ಬಸ್ಸು ಸರಾಗವಾಗಿ ಮುಂದೆ ಹೋಗುತ್ತಿತ್ತು. ಆ ನಿಲ್ದಾಣಗಳ ಹೆಸರುಗಳೂ ನನಗೆ ಇಷ್ಟ. ಟಾಟಾ ಗಾರ್ಡ್‌ರೂಮ್, ಜನಕ್ ಬಾಬಾ ದರ್ಗಾ, ಆಪಲೇ ಘರ್. ಹೊಸ ಕಟ್ಟಡಗಳ ಹೆಸರುಗಳೆಲ್ಲ ಇಟಲಿಯ ಊರುಗಳ ಹಾಗೆ ಇರುವ ಈ ಭಾಗದಲ್ಲಿ, ಹಿಂದೆ ಇಲ್ಲಿ ಏನಿತ್ತು, ಯಾರು ಯಾರಿಗೆ ಕೈಮುಗಿಯುತ್ತಿದ್ದರು ಎಂಬುದನ್ನು ಉಳಿಸಿಕೊಂಡಿರುವುದು ಕಂಡಕ್ಟರರ ಬಾಯಿಯೇ. ದರ್ಗಾದ ಸ್ಟಾಪ್ ಬಂದಾಗ ಕೂತಲ್ಲಿಂದಲೇ ಎದೆ ಮುಟ್ಟಿಕೊಳ್ಳುವ ಒಬ್ಬ ಹೂ ಮಾರುವ ಅಜ್ಜಿ ಇದ್ದಳು. ಅವಳು ಹಣೆಗೆ ದೊಡ್ಡ ಕುಂಕುಮ ಹಚ್ಚುತ್ತಿದ್ದಳು.

ಹತ್ತು ವರ್ಷ ತುಂಬುವುದರೊಳಗೆ ಆ ಲೇನನ್ನು ಕಿತ್ತು ಹಾಕಿದರು. ಮೆಟ್ರೊ ಕಂಬಗಳು ಬಂದವು, ಗರ್ದಿ ಹೆಚ್ಚಿತು, ಅಪಘಾತಗಳಾಗುತ್ತವೆ, ರಸ್ತೆ ಇಕ್ಕಟ್ಟಾಗಿದೆ ಎಂಬ ದೂರುಗಳಿದ್ದವು. ದೂರುಗಳಲ್ಲಿ ಸತ್ಯವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಬೈಕಿನವರು ಲೇನಿನೊಳಗೆ ನುಗ್ಗುತ್ತಿದ್ದರು, ನಿಲ್ದಾಣಕ್ಕೆ ಹೋಗಲು ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಬೇಕಿತ್ತು. ದಾಟುವುದನ್ನು ಸುಲಭ ಮಾಡಬಹುದಿತ್ತು, ನುಗ್ಗುವವರನ್ನು ತಡೆಯಬಹುದಿತ್ತು. ಅದರ ಬದಲು ಲೇನನ್ನೇ ತೆಗೆದರು. ಲೇನ್ ಹೋದ ಮೇಲೆ ರಸ್ತೆ ಅಗಲವಾದಂತೆ ಕಂಡಿತು, ಸ್ವಲ್ಪ ಕಾಲ. ಆ ಜಾಗ ಕಾರುಗಳಿಂದ ತುಂಬಿತು. ಈಗ ಬಸ್ಸೂ ಕಾರುಗಳ ಹಿಂದೆಯೇ ನಿಂತಿರುತ್ತದೆ, ಅದರೊಳಗೆ ನಿಂತವರ ಕಾಲೂ.

ಇದೇ ವಿಷಯಕ್ಕೆ ನನಗೂ ಧಾರವಾಡದ ನಮ್ಮಣ್ಣನಿಗೂ ಫೋನಿನಲ್ಲಿ ವಾದ ನಡೆಯುತ್ತಿರುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರಿಗೆ ನಮ್ಮಲ್ಲಿಯೂ ಬಿಆರ್‌ಟಿಎಸ್ ಬಂತಲ್ಲ. 2018ರ ಅಕ್ಟೋಬರಿನಲ್ಲಿ ಚಿಗರಿ ಬಸ್ಸುಗಳ ಓಡಾಟ ಪ್ರಯೋಗವಾಗಿ ಶುರುವಾಯಿತು, 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟಿಸಿದರು. ಅದಕ್ಕಿಂತ ಮೊದಲು ಆ ದಾರಿಯಲ್ಲಿ ಬೇಂದ್ರೆ ನಗರ ಸಾರಿಗೆಯ ಬಸ್ಸುಗಳು ಓಡುತ್ತಿದ್ದವು. ಕವಿಯ ಹೆಸರಿನ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ನಮಗೆ ಅದೊಂದು ಸಲಿಗೆ. ಬಾಗಿಲಲ್ಲಿ ಜೋತುಬಿದ್ದು ನವಲೂರು, ರಾಯಾಪುರ, ಉಣಕಲ್ ಎಂದು ಕೂಗುವ ಹುಡುಗರ ರಾಗ ಕಿವಿಯಲ್ಲಿ ಇನ್ನೂ ಇದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮಾಡಿಕೊಂಡು ಧಾರವಾಡಕ್ಕೆ ಮರಳಿದ ಬೇಂದ್ರೆಯವರ ಹೆಸರು ಬಸ್ಸಿನ ಹಣೆಯ ಮೇಲೆ ಓಡಾಡಿದ್ದನ್ನು, ಆ ಕಾಲೇಜಿನ ಆಸುಪಾಸಿನಲ್ಲೇ ಕೆಲಸಕ್ಕೆ ಹೋಗುವ ನಾನು ಆಗಾಗ ನೆನೆಸಿಕೊಳ್ಳುತ್ತೇನೆ.

ಅಣ್ಣನಿಗೆ ಚಿಗರಿ ಎಂದರೆ ಸಿಟ್ಟು. ಒಳ್ಳೆಯ ರಸ್ತೆಯ ನಡುಭಾಗವೆಲ್ಲ ಬಸ್ಸಿಗೆ ಹೋಯಿತು, ಉಳಿದವರು ಅಂಚಿನಲ್ಲಿ ತಿಕ್ಕಾಡಬೇಕು, ಮಳೆಗಾಲದಲ್ಲಿ ಟೋಲ್ ನಾಕಾದ ಹತ್ತಿರ ನೀರು ನಿಲ್ಲುತ್ತದೆ, ಎಂದು ಅವನ ತಕರಾರು. ಅವನು ಸ್ಕೂಟರಿನ ಮನುಷ್ಯ. ವೈನಿಗೆ ಮಾತ್ರ ಚಿಗರಿ ಬೇಕು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ತಮ್ಮ ತಾಯಿಯನ್ನು ತೋರಿಸಲು ಅವರು ಧಾರವಾಡದಿಂದ ತಂಪು ಬಸ್ಸಿನಲ್ಲಿ ಕೂತು ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ರಸ್ತೆ ಎರಡು ಥರ ಕಾಣುತ್ತದೆ. ನಾನು ಅಣ್ಣನಿಗೆ ಹೇಳುವುದು ಇಷ್ಟೇ: “ಅಣ್ಣಾ, ನೀರು ನಿಂತರ ಗಟಾರ ಸುಧಾರಸ್ರಿ ಅಂತ ಕೇಳು. ದಾರಿ ಕೀಳ್ರಿ ಅಂತ ಕೇಳಬ್ಯಾಡ. ಕಿತ್ತ ಮ್ಯಾಲೆ ಹೆಂಗ ಆಗ್ತದ ಅನ್ನೂದು ನಾ ದಿನಾ ನೋಡಾಕತ್ತೀನಿ.”

ಖರಾಡಿ 1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿತು. ಆಗ ಇದು ನದಿಯ ದಂಡೆಯ ಹಳ್ಳಿ. ಹಳೆಯ ಊರು, ಇಲ್ಲಿನವರು ಗಾವಠಾಣ ಎನ್ನುವುದು, ಈಗಲೂ ಕಟ್ಟಡಗಳ ಮರೆಯಲ್ಲಿ ಗುಡಿ, ಕಟ್ಟೆ, ಕಿರಿದಾದ ಓಣಿಗಳ ಸಮೇತ ಇದೆ. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಊರಿನ ಹಿರಿಯರು, ಈ ಗಾಜಿನ ಗೋಪುರ ನಿಂತದ್ದು ತಮ್ಮ ಜೋಳದ ಹೊಲದಲ್ಲಿ ಎಂದು ಬೆರಳು ಮಾಡಿ ತೋರಿಸಿದ್ದರು. ದನಿಯಲ್ಲಿ ದುಃಖವೂ ಇರಲಿಲ್ಲ, ಜಂಬವೂ ಇರಲಿಲ್ಲ. ಇಯಾನ್ ಐಟಿ ಪಾರ್ಕ್ ಬಂತು, ವರ್ಲ್ಡ್ ಟ್ರೇಡ್ ಸೆಂಟರ್ ಬಂತು, ಅವುಗಳ ಹಿಂದೆ ನಮ್ಮಂಥವರ ಸೊಸೈಟಿಗಳು ಬಂದವು. ಮೊದಲು ಕೆಲಸದ ಜಾಗ, ಆಮೇಲೆ ಮನೆ, ಆಮೇಲೆ ನೀರಿನ ಟ್ಯಾಂಕರ್, ಎಲ್ಲದರ ಕೊನೆಗೆ ದಾರಿ ಎಂಬ ಕ್ರಮದಲ್ಲಿ ಊರು ಬೆಳೆದಿದೆ. ಶಿವಣೆಯಿಂದ ಖರಾಡಿಯವರೆಗೆ ನದಿದಂಡೆಯ ರಸ್ತೆ ಮಾಡುವ ಮಾತು ಎಷ್ಟು ಹಳೆಯದೆಂದರೆ, ಆ ಮಾತು ಕೇಳಿ ಇಲ್ಲಿ ಮನೆ ಕೊಂಡವರ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ. ಅಲ್ಲೊಂದು ಇಲ್ಲೊಂದು ತುಂಡು ಆಗಿದೆ, ಪೂರ್ತಿ ಕೂಡಿಲ್ಲ. ಹಾಗಾಗಿ ಹಡಪ್ಸರ್ ಕಡೆ ಹೋಗಬೇಕಾದವರೆಲ್ಲ ಮುಂಢವಾ ಸೇತುವೆಗೇ ಬರಬೇಕು, ಪುಣೆಗೆ ಹೋಗುವವರೆಲ್ಲ ಬೈಪಾಸ್ ಚೌಕಕ್ಕೇ ಬರಬೇಕು.

ಆ ಚೌಕದಲ್ಲಿ ಬೆಳಿಗ್ಗೆ ನಿಂತರೆ ಕನ್ನಡ ಕೇಳುತ್ತದೆ. ಪುಣೆ ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಎಷ್ಟು ಜನವೋ. ಗೌಂಡಿಗಳು, ಬಿಗಾರಿಗಳು, ಸೆಂಟ್ರಿಂಗ್ ಕೆಲಸದವರು, ಫರಸಿ ಕೂಡಿಸುವವರು. ಒಮ್ಮೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನು, ಚೀಲದಿಂದ ಕರಣಿಯ ಹಿಡಿಕೆ ಹೊರಗೆ ಕಾಣುತ್ತಿದ್ದವನು, ಫೋನಿನಲ್ಲಿ “ಬಸ್ಸಿನ್ಯಾಗ ಅದೀನಿ, ಗಾಡಿ ನಿಂತೇ ಬಿಟ್ಟದ ನೋಡು,” ಎನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಕೇಳಿದೆ, “ಯಾವೂರ್ರಿ ನಿಮ್ಮದು?”

ಅವನು ತಿರುಗಿ ನೋಡಿ ನಕ್ಕ. “ಅಫಜಲಪುರ ತಾಲೂಕರಿ ಅಕ್ಕಾರ. ಭೀಮಾ ದಂಡಿ ಮ್ಯಾಲಿನ ಊರು.”

ಗಂಡಹೆಂಡಿರಿಬ್ಬರೂ ವಾಘೋಲಿಯ ಆಚೆ ಪತ್ರಾಸಿನ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಕೆಲಸ ಇರುವಲ್ಲಿಗೆ ಬಸ್ಸು. ಬೆಳಿಗ್ಗೆ ಎಂಟರೊಳಗೆ ಕೂಲಿಯವರು ಸೇರುವ ನಾಕಾಕ್ಕೆ ಮುಟ್ಟಿದರೆ ಮೇಸ್ತ್ರಿ ಕರೆದುಕೊಂಡು ಹೋಗುತ್ತಾನೆ. “ಎಂಟೂವರಿ ಆತಂದ್ರ ಮೇಸ್ತ್ರಿ ಬ್ಯಾರೇದವ್ರನ್ನ ಕರಕೊಂಡು ಹೋಗಿರ್ತಾನ. ಅವತ್ತಿನ ಪಗಾರ ಹೋತ್ರಿ. ಮತ್ತ ತಿರುಗಿ ಮನಿಗೆ ಬರಾಕೂ ಟಿಕೇಟ್ ತಗಸಬೇಕು.” 2025ರ ಜೂನ್ 1ರಿಂದ ನಗರ ಬಸ್ಸಿನ ಕನಿಷ್ಠ ಟಿಕೇಟು 5 ರೂಪಾಯಿ ಇದ್ದದ್ದು 10 ಆಗಿದೆ. ಅದಕ್ಕೂ ಅವನ ಬೇಸರ ಅಷ್ಟಿರಲಿಲ್ಲ. “ಹತ್ತು ತಗೊಳ್ಳಲಿರಿ, ಹೊತ್ತಿಗಿ ಸರಿ ಬರಲಿ,” ಎಂದ.

ಕಾರಿನಲ್ಲಿ ಕೂತವರಿಗೆ ಗರ್ದಿ ಎಂದರೆ ಬೇಸರ, ತಡವಾದ ಮೀಟಿಂಗು, ಆರಿದ ಚಹಾ. ಅವನಿಗೆ ಅದು ಒಂದು ಇಡೀ ದಿನದ ಕೂಲಿ. ಬಸ್ಸಿಗೆ ಬೇರೆ ದಾರಿ ಕೊಡಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಬೇರೆ ಕಾರಣ ಬೇಕಿಲ್ಲ, ಆ ಮುಂಜಾನೆಯ ಮಾತೇ ಸಾಕು.

ಮಾತಿನ ನಡುವೆ ಬಸ್ಸು ಚೌಕದಲ್ಲಿ ನಿಂತಿತ್ತು. ನಾನು ಅವನಿಗೆ ಇಲ್ಲಿಯ ನದಿಯ ಸಂಗತಿ ಹೇಳಿದೆ. ಖರಾಡಿಯ ಪಕ್ಕದಲ್ಲಿ ಹರಿಯುವ ಈ ಮುಳಾ–ಮುಠಾ ಪೂರ್ವಕ್ಕೆ ಹೋಗಿ ದೌಂಡ್ ಕಡೆ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಉಜನಿ ಜಲಾಶಯ, ಪಂಢರಪುರ, ಆಮೇಲೆ ಕರ್ನಾಟಕ. ಅಫಜಲಪುರ, ದೇವಲ ಗಾಣಗಾಪುರ, ಯಾದಗಿರಿ ಹಾಯ್ದು ಕೊನೆಗೆ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅವನಿಗೆ ಅದು ಹೊಸ ಸುದ್ದಿಯೇನಾಗಿರಲಿಲ್ಲ. “ಗೊತ್ತದರಿ. ಉಜನಿ ನೀರು ಬಿಟ್ಟರ ನಮ್ಮೂರಾಗ ಎದಿ ಹೊಡಕೋತದ,” ಎಂದ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಅವರ ಹೊಲ ಮುಳುಗಿತ್ತಂತೆ. ಪುಣೆಗೆ ಬಂದದ್ದು ಅದರ ಮರುವರ್ಷ. ಇಲ್ಲಿನ ನೀರು ಅವರ ಊರಿಗೆ ಹೋಗುತ್ತದೆ, ಅವರು ಇಲ್ಲಿಗೆ ಬರುತ್ತಾರೆ. ಅಂದಿನಿಂದ ಮೆಟ್ರೊ ಕಿಟಕಿಯಲ್ಲಿ ನೊರೆ ಕಂಡಾಗೆಲ್ಲ, ಗಾಣಗಾಪುರದಲ್ಲಿ ಸಂಗಮಸ್ನಾನ ಮಾಡುವವರ ನೆನಪಾಗಿ ಸಂಕಟವಾಗುತ್ತದೆ.

ನಮ್ಮ ಸೊಸೈಟಿಯ ನಾಲ್ಕೈದು ಮನೆಗಳಿಗೆ ಕೆಲಸಕ್ಕೆ ಬರುವ ಅಕ್ಕ ಯಾದಗಿರಿ ಕಡೆಯವಳು. ಬಸ್ಸಿನ ಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಊರಿಗೆ ಹೋದಾಗ ಗಡಿ ದಾಟಿದ ಮೇಲೆ ಟಿಕೇಟೇ ಇಲ್ಲ, 2023ರ ಜೂನ್‌ನಿಂದ ಹೆಂಗಸರಿಗೆ ಬಿಟ್ಟಿ. ಗಡಿಯ ಈಚೆ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಅದೇ ವರ್ಷದ ಮಾರ್ಚ್‌ನಿಂದ ಅರ್ಧ ಟಿಕೇಟು. ಆದರೆ ಖರಾಡಿಯಿಂದ ಚಂದನನಗರಕ್ಕೆ ದಿನಾ ಹೋಗುವ ಬಸ್ಸಿನಲ್ಲಿ ಪೂರ್ತಿ ಕೊಡಬೇಕು. ಹೆಂಗಸರಿಗಾಗಿ 2018ರಲ್ಲಿ ಶುರುವಾದ ತೇಜಸ್ವಿನಿ ಬಸ್ಸು ತಿಂಗಳ 8ನೇ ತಾರೀಕಿಗೆ ಬಿಟ್ಟಿ ಎಂಬುದೂ ಅವಳಿಗೆ ಗೊತ್ತು. ಅವತ್ತು ಅವಳು ಮಗಳನ್ನೂ ಕರೆದುಕೊಂಡು ಬರುತ್ತಾಳೆ. “ವರ್ಷಕ್ಕೊಮ್ಮೆ ಊರಿಗಿ ಹೋಗಾಕ ಬಿಟ್ಟಿ, ದಿನಾ ಕೆಲಸಕ್ಕ ಹೋಗಾಕ ರೊಕ್ಕ. ತಿರುಗಾಮುರುಗಾ ಆಗೇದರಿ ಬಾಯಾರ,” ಎಂದು ಪಾತ್ರೆ ತಿಕ್ಕುತ್ತ ಹೇಳಿದಳು. ನನಗೂ ಹಾಗೇ ಅನ್ನಿಸಿದೆ.

ಹಲವು ದಿನ ಅವಳು ಬಸ್ಸು ಬಿಟ್ಟು ನಡೆಯುತ್ತಾಳೆ. ನಡೆಯುವುದು ಖರಾಡಿಯಲ್ಲಿ ಸುಲಭದ ಕೆಲಸವಲ್ಲ. ಫುಟ್‌ಪಾತ್ ಒಂದು ಗೇಟಿನ ಮುಂದೆ ಶುರುವಾಗಿ ಇನ್ನೊಂದು ಗೇಟಿನ ಮುಂದೆ ಮುಗಿಯುತ್ತದೆ. ನಡುವೆ ವಿದ್ಯುತ್ ಪೆಟ್ಟಿಗೆ, ನಿಲ್ಲಿಸಿದ ಬೈಕು, ಅಗೆದು ಬಿಟ್ಟ ಗುಂಡಿ. ಇಳಿದು ರಸ್ತೆಯಲ್ಲಿ ನಡೆದರೆ ಬೆನ್ನಿಗೆ ಟ್ಯಾಂಕರು. ಸಂಜೆ ಐಟಿ ಪಾರ್ಕ್ ಬಿಟ್ಟಾಗ ಸಾವಿರಾರು ಹುಡುಗ ಹುಡುಗಿಯರು ಅದೇ ಅಂಚಿನಲ್ಲಿ ಸಾಲುಗಟ್ಟಿ ನಡೆಯುತ್ತಾರೆ. ಅವರ ಕೊರಳಲ್ಲಿ ಕಂಪನಿಯ ಕಾರ್ಡು, ನಮ್ಮ ಅಕ್ಕನ ಕೈಯಲ್ಲಿ ಚೀಲ. ಗುಂಡಿ ದಾಟುವುದು ಎಲ್ಲರಿಗೂ ಒಂದೇ. ಯಾರಿಗೆ ಹೇಳೋಣ ಎಂದರೆ, 2022ರ ಮಾರ್ಚ್‌ನಿಂದ ಕೆಲವು ವರ್ಷ ಪುಣೆಯಲ್ಲಿ ಚುನಾಯಿತ ನಗರಸೇವಕರೇ ಇರಲಿಲ್ಲ.

ಈಗ ಒಳ್ಳೆಯ ಸುದ್ದಿ ಬಂದಿದೆ. 2025ರ ಜೂನ್ 25ರಂದು ಕೇಂದ್ರ ಸಚಿವ ಸಂಪುಟ ನಮ್ಮ ಮೆಟ್ರೊ ಮಾರ್ಗವನ್ನು ಎರಡೂ ತುದಿಯಲ್ಲಿ ಬೆಳೆಸಲು ಒಪ್ಪಿತು: ವನಾಜ್‌ನಿಂದ ಚಾಂದಣಿ ಚೌಕಕ್ಕೆ, ರಾಮವಾಡಿಯಿಂದ ವಾಘೋಲಿಯ ವಿಠ್ಠಲವಾಡಿಗೆ. ಒಟ್ಟು 12.75 ಕಿಲೋಮೀಟರ್, 13 ನಿಲ್ದಾಣಗಳು, 3,626 ಕೋಟಿ ರೂಪಾಯಿ, ನಾಲ್ಕು ವರ್ಷದ ಗಡುವು. ಅದೇ ವರ್ಷದ ನವೆಂಬರ್ 26ರಂದು ಇನ್ನೊಂದು ಒಪ್ಪಿಗೆ ಬಂತು: ಖರಾಡಿಯಿಂದ ಹಡಪ್ಸರ್, ಸ್ವಾರಗೇಟ್ ಮೂಲಕ ಖಡಕವಾಸಲಾಕ್ಕೆ ಹೊಸ ಮಾರ್ಗ, ಜೊತೆಗೆ ನಳ್ ಸ್ಟಾಪ್‌ನಿಂದ ವಾರಜೆ ಹಾಯ್ದು ಮಾಣಿಕ್ ಬಾಗಿಗೆ ಒಂದು ಕವಲು, ಎರಡೂ ಸೇರಿ 31 ಕಿಲೋಮೀಟರಿಗೂ ಹೆಚ್ಚು, 28 ನಿಲ್ದಾಣಗಳು, ಐದು ವರ್ಷದ ಗಡುವು. ವಾಘೋಲಿಗೆ ಹೋಗುವ ನಮ್ಮ ಮಾರ್ಗವೂ ಖಡಕವಾಸಲಾದ ಹೊಸ ಮಾರ್ಗವೂ ಕೂಡುವುದು ಖರಾಡಿ ಬೈಪಾಸಿನಲ್ಲಿ, ಬೆಳಿಗ್ಗೆ ನಾನು ಬಸ್ಸಿಗೆ ಓಡುವ ಜಾಗದಲ್ಲಿಯೇ. ಸುದ್ದಿ ಬಂದ ಸಂಜೆ ಸೊಸೈಟಿಯ ಅಂಗಳದಲ್ಲಿ ಯಾರೋ ಪೇಢೆ ಹಂಚಿದರು. ಫ್ಲ್ಯಾಟಿನ ದರ ಎಷ್ಟು ಏರೀತು ಎಂಬ ಮಾತು ನಡೆಯಿತು. ನಾನೂ ಪೇಢೆ ತಿಂದೆ. ಅವ್ವನಿಗೆ ಫೋನ್ ಮಾಡಿ, ಮುಂದೊಂದು ದಿನ ನೀನು ರೈಲಿನಿಂದ ಇಳಿದು ನೆರಳಿನಲ್ಲೇ ಖರಾಡಿ ತನಕ ಬರಬಹುದು ಎಂದೆ. “ನಾಕೈದು ವರ್ಷ ಅಂದೇನು? ಅಲ್ಲಿ ತನಕ ಬಸ್ಸರ ಛಂದ ಬಿಡಾಕ ಹೇಳು,” ಎಂದಳು.

ಅವ್ವ ಹೇಳಿದ್ದೇ ನನ್ನ ಮಾತು. ಮೆಟ್ರೊದ ಕೆಲಸ ಶುರುವಾದರೆ ನಗರ ರೋಡಿನ ನಡುವೆ ತಗಡಿನ ಬೇಲಿಗಳು ನಿಲ್ಲುತ್ತವೆ, ಇರುವ ರಸ್ತೆ ಅರ್ಧವಾಗುತ್ತದೆ. ಯೆರವಡಾದಿಂದ ರಾಮವಾಡಿಯವರೆಗೆ ನಾವು ಅದನ್ನು ಅನುಭವಿಸಿದವರು. ಆ ಅರ್ಧ ರಸ್ತೆಯಲ್ಲಿ ಮೊದಲ ಹಕ್ಕು ಯಾರದು ಎಂದು ಈಗಲೇ ತೀರ್ಮಾನವಾಗಬೇಕು. ಅದು ಬಸ್ಸಿನದಾಗಬೇಕು, ನಡೆಯುವವರದಾಗಬೇಕು. ಮೆಟ್ರೊ ಬಂದ ಮೇಲೂ ಹಾಗೆಯೇ. ಬೈಪಾಸ್ ನಿಲ್ದಾಣದಲ್ಲಿ ಇಳಿದವರಿಗೆ ಇಯಾನ್ ತನಕ, ಗಾವಠಾಣದ ತನಕ, ಮುಂಢವಾ ತನಕ ಮತ್ತೆ ಬಸ್ಸೇ ಬೇಕು, ಕಾಲೇ ಬೇಕು. ಮೆಟ್ಟಿಲ ಬುಡದಲ್ಲಿ ಬಸ್ಸು ನಿಲ್ಲುವ ಜಾಗ ಇಲ್ಲದ ನಿಲ್ದಾಣ ಅರ್ಧ ಕಟ್ಟಿದ ನಿಲ್ದಾಣ.

ಖರಾಡಿಯಲ್ಲಿ ಮನೆ ಮಾಡಿರುವ ಕನ್ನಡದ ಬಂಧುಗಳಲ್ಲಿ, ಊರು ಯಾವುದೇ ಇರಲಿ ಹೀಗೇ ಬೆಳೆಯುತ್ತಿರುವ ಬಡಾವಣೆಯಲ್ಲಿ ಇರುವ ಎಲ್ಲರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಪಾರ್ಕಿಂಗಿನ ಚರ್ಚೆ ಮುಗಿದ ಮೇಲೆ ಬಸ್ ಸ್ಟಾಪಿನ ವಿಷಯ ಎತ್ತಿರಿ. ನಿಮ್ಮ ಗೇಟಿನ ಮುಂದಿನ ಫುಟ್‌ಪಾತಿನ ಮೇಲೆ ವಾಹನ ನಿಲ್ಲದ ಹಾಗೆ ನೋಡಿಕೊಳ್ಳಿರಿ. ಪಾಲಿಕೆಗೆ ಬರೆಯುವ ಅರ್ಜಿಯಲ್ಲಿ ಬಸ್ಸಿನ ಲೇನನ್ನು ಮರಳಿ ಕೇಳಿರಿ, ಮತ್ತು ಆ ಅರ್ಜಿಗೆ ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಸಹಿಯನ್ನೂ ಹಾಕಿಸಿರಿ.